ಸಾರಿ ಸಾಕೋ, ಅಪಾಲಜಿ ಬೇಕೋ

ಇವತ್ತು ಬೆಳಿಗ್ಗೆ ಹಾಲು ಬರಲಿಲ್ಲ. ಹಾಲಿನ ಬದಲು ಹಾಲಿನವನ ಮೆಸೇಜ್ ಬಂತು: ‘ವಿ ರಿಗ್ರೆಟ್ ದಿ ಇನ್‌ಕನ್ವೀನಿಯನ್ಸ್.’ ಎದುರಿಗೆ ನಿಂತರೆ ‘ಎಮ್ಮೆ ಒದ್ಬುಡ್ತು ಮಿಸ್’ ಎನ್ನುವ ಮನುಷ್ಯ ಫೋನಿನಲ್ಲಿ ರೈಲು ತಡವಾದಾಗಿನ ಅನೌನ್ಸ್‌ಮೆಂಟ್ ಆಗಿಬಿಟ್ಟಿದ್ದಾನೆ. ಕಾಫಿಯಿಲ್ಲದೆ ತಲೆ ಸಿಡಿಯುತ್ತಿದ್ದ ನನಗೆ ಮೈಯೆಲ್ಲ ಉರಿಯಿತು. ಆ ವಾಕ್ಯಕ್ಕೂ ನನಗೂ ಹಳೆಯ ಹಗೆ.

ರಾಮನಗರದಲ್ಲಿ ಇಂಗ್ಲಿಷ್ ಮೇಡಂ ಆಗಿ ರಿಟೈರ್ ಆದವಳ ಗೋಳು ನಿಮಗೆ ಗೊತ್ತಿರಲಾರದು. ಸಬ್ಬಸಿಗೆ ಸೊಪ್ಪು ಆರಿಸುತ್ತಿದ್ದರೆ ಬೆನ್ನ ಹಿಂದಿನಿಂದ ಯಾರೋ, ‘ಮಿಸ್, ನಮ್ ಮ್ಯಾನೇಜರ್‌ಗೆ ಬರೀ ಸಾರಿ ಸಾಕಾ, ಎಕ್ಸ್‌ಟ್ರೀಮ್ಲಿ ಹಾಕ್ಬೇಕಾ?’ ಎನ್ನುತ್ತಾರೆ. ನಾನೂ ಸೊಪ್ಪು ಹಿಡಿದುಕೊಂಡೇ ಪಾಠ ಮಾಡುತ್ತೇನೆ. ಕಾಲು ತುಳಿದರೆ ಸಾರಿ. ಮಾತು ಕೇಳಿಸದಿದ್ದರೆ ಪಾರ್ಡನ್. ದಾರಿ ಬೇಕಿದ್ದರೆ ಎಕ್ಸ್‌ಕ್ಯೂಸ್ ಮಿ. ದೊಡ್ಡ ತಪ್ಪಿಗೆ ಅಪಾಲಜಿ. ತಪ್ಪು ಆಗಿದೆ, ಆದರೆ ಮಾಡಿದವನು ನಾನಲ್ಲ ಎಂಬಂತೆ ಇರಬೇಕಾದರೆ ರಿಗ್ರೆಟ್. ಇಷ್ಟೆಲ್ಲ ಹಂಚಿದ ಪುಣ್ಯ ನನಗೇ ತಿರುಗಿ ಬಂದದ್ದು ಹೋದ ವರ್ಷ, ಅಣ್ಣನ ಮಗಳ ಮದುವೆಯಲ್ಲಿ.

ಅಣ್ಣ ಕೋಡಿಹಳ್ಳಿ ಕಡೆ ಜಮೀನು ನೋಡಿಕೊಂಡಿದ್ದಾನೆ. ಅತ್ತಿಗೆ ಹೋದ ಮೇಲೆ ಆ ಮನೆಯಲ್ಲಿ ಅವನೂ ಮಗಳೂ ಇಬ್ಬರೇ. ನಮ್ಮಲ್ಲಿ ಮದುವೆಯ ಮೊದಲ ಕರೆ ಮನೆ ಹೆಣ್ಣುಮಗಳಿಗೆ. ಬಾಗಿಲಿಗೆ ಬಂದು, ಎಲೆ ಅಡಿಕೆ ಕೈಗಿಟ್ಟು ಕರೆಯಬೇಕು. ನನ್ನ ಅಣ್ಣ ಮಹಾಶಯ ಲಗ್ನಪತ್ರಿಕೆಯನ್ನು ವಾಟ್ಸಾಪ್ ಗ್ರೂಪಿಗೆ ಹಾಕಿ ಕೈ ತೊಳೆದುಕೊಂಡ. ಗೊಬ್ಬರದ ಅಂಗಡಿಯವರಿಗೆ, ಟ್ರ್ಯಾಕ್ಟರ್ ಡ್ರೈವರಿಗೆ, ಒಡಹುಟ್ಟಿದ ತಂಗಿಗೆ, ಎಲ್ಲರಿಗೂ ಒಂದೇ ಕರೆ. ಸೋದರತ್ತೆ ಇಲ್ಲದೆ ಹೆಣ್ಣನ್ನು ಹಸೆಗೆ ಕೂರಿಸಲಿ, ನೋಡೋಣ, ನಾನಂತೂ ಹೋಗುವುದಿಲ್ಲ ಎಂದು ಹಟ ಹಿಡಿದೆ. ಹಟ ಹಿಡಿದವಳು ಅಡುಗೆಮನೆಯಲ್ಲಿ ಕೂತು ಅತ್ತೂ ಬಿಟ್ಟೆ. ನನ್ನ ತೊಡೆಯ ಮೇಲೆ ಬೆಳೆದ ಹುಡುಗಿ ಅದು. ಈ ಮದುವೆ ತಪ್ಪಿದರೆ ತವರಿನ ದಾರಿಯೂ ಅಲ್ಲಿಗೆ ಮುಗಿದ ಹಾಗೆ.

ನಾನು ಉತ್ತರ ಕೊಡದ್ದು ನೋಡಿ ಅಣ್ಣನಿಗೆ ಅಳುಕು ಹತ್ತಿತು. ‘ಸಾರಿ ಫಾರ್ ದಿ ಇನ್‌ಕನ್ವೀನಿಯನ್ಸ್’ ಎಂದು ಕಳಿಸಿದ. ಇದು ಕರೆಂಟು ಹೋದಾಗ ಹೇಳುವ ಮಾತು, ತಂಗಿಗೆ ಹೇಳುವುದಲ್ಲ ಎಂದು ಬರೆದೆ. ಮಾರನೆಯ ದಿನ ‘ಕೈಂಡ್ಲಿ ಎಕ್ಸ್‌ಕ್ಯೂಸ್ ಮಿ’ ಬಂತು. ದಾರಿ ಬಿಟ್ಟಿದ್ದೇನೆ, ಹೋಗು ಎಂದೆ. ಕೊನೆಗೆ ಫೋನೇ ಮಾಡಿದ.

‘ಎಂತಾ ಸಾರಿ ಬೇಕು ಅಂತ ನೀನೇ ಯೋಳ್ಬುಡವ್ವ. ಅದ್ನೇ ಹಾಕ್ತೀನಿ.’

ಇಂಥವನಿಗೆ ಏನು ಹೇಳುವುದು, ನೀವೇ ಹೇಳಿ. ಫೋನ್ ಇಟ್ಟುಬಿಟ್ಟೆ.

ನಮ್ಮಪ್ಪನ ಬಾಯಲ್ಲಿ ಕ್ಷಮೆ ಎಂಬ ಮಾತು ನಾನು ಕೇಳಿದ್ದೇ ಇಲ್ಲ. ಬದುವಿನ ಜಗಳದಲ್ಲಿ ಪಕ್ಕದ ಹೊಲದವರಿಗೆ ಬಾಯಿಗೆ ಬಂದಂತೆ ಬೈದು ಬರುತ್ತಿದ್ದರು. ಸಿಟ್ಟು ಇಳಿದ ಮೇಲೆ ಹೋಗಿ ಅದೇ ಮನೆಯ ಜಗಲಿಯ ಮೇಲೆ ಕೂತು, ‘ಒಸಿ ನೀರು ಕೊಡವ್ವ’ ಎನ್ನುತ್ತಿದ್ದರು. ನಮ್ಮ ಮನೆಯ ನೀರಿನ ಹಂಡೆ ಅಲ್ಲಿಂದಲೇ ಕಾಣುತ್ತಿತ್ತು. ಒಳಗಿನಿಂದ ಯಾರೂ ನೀರು ತರದಿದ್ದರೆ ಇನ್ನೊಂದು ದಿನ ಹೋಗಬೇಕು. ನೀರು ಬಂದರೆ ಜಗಳ ಮುಗಿಯಿತು. ನೀರಿನ ಜೊತೆ ಬೆಲ್ಲವೂ ಬಂದರೆ ಮನಸ್ಸೂ ತಿಳಿಯಾಯಿತು ಎಂದು ಲೆಕ್ಕ. ಸಿನ್ಸಿಯರ್, ಎಕ್ಸ್‌ಟ್ರೀಮ್ಲಿ ಯಾವುದೂ ಬೇಕಿರಲಿಲ್ಲ.

ಮದುವೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಗೇಟು ಸದ್ದಾಯಿತು. ನೋಡಿದರೆ ಅಣ್ಣ. ಬಿಸಿಲಲ್ಲಿ ಕೈಕಟ್ಟಿ ನಿಂತು, ಪದ್ಯ ಒಪ್ಪಿಸುವವನ ಹಾಗೆ, ‘ಪ್ಲೀಸ್ ಅಕ್ಸೆಪ್ಟ್ ಮೈ ಸಿನ್ಸಿಯರ್ ಅಪಾಲಜೀಸ್’ ಎಂದ. ಒಂದೂ ತಪ್ಪಿರಲಿಲ್ಲ. ಕೆಂಪು ಶಾಯಿಯಲ್ಲಿ ಗೀಚಲು ಒಂದಕ್ಷರ ಸಿಗಲಿಲ್ಲ. ಅಷ್ಟು ದಿನ ಬರದಷ್ಟು ಸಿಟ್ಟು ಆಗ ಬಂತು ನನಗೆ.

‘ಬಸ್ಸಲ್ಲಿ ದಾರಿ ಉದ್ದಕ್ಕೂ ಬಾಯ್ಪಾಠ ಮಾಡ್ಕಂಡ್ ಬಂದೆ ಕಣವ್ವ. ಇದೂ ಸರಿ ಇಲ್ವಾ?’

‘ಸರಿಯಾಗೈತೆ’ ಎಂದೆ. ಸಿಟ್ಟಿನಲ್ಲಿ ನನ್ನ ಮೇಡಂ ಕನ್ನಡವೂ ಓಡಿಹೋಗಿತ್ತು.

ಅವನು ಮೆಟ್ಟಿಲ ಮೇಲೆ ಕುಸಿದು ಕೂತು, ಟವಲಿನಿಂದ ಮುಖ ಒರೆಸಿಕೊಂಡ.

‘ಒಸಿ ನೀರು ಕೊಡವ್ವ.’

ಅದು ಬಿಸಿಲಿನ ಬಾಯಾರಿಕೆಯೋ, ಅಪ್ಪನ ಜಗಲಿಯ ನೆನಪೋ, ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಒಳಗೆ ಹೋಗಿ ಚೊಂಬು ತುಂಬಿದೆ. ಕೈ ತಾನಾಗಿ ಬೆಲ್ಲದ ಡಬ್ಬಕ್ಕೆ ಹೋಯಿತು. ಅಣ್ಣ ಬೆಲ್ಲ ನೋಡಿದ, ನನ್ನ ಮುಖ ನೋಡಿದ, ತಲೆ ತಗ್ಗಿಸಿ ಬಾಯಿಗೆ ಹಾಕಿಕೊಂಡ. ಕಣ್ಣು ಒರೆಸಿಕೊಳ್ಳುವ ಕೆಲಸ ಇಬ್ಬರಿಗೂ ಬಿತ್ತು.

‘ಎಲೆ ಅಡಿಕೆ ಎಲ್ಲಿ?’ ಎಂದೆ.

ಅವನು ಸುತ್ತಮುತ್ತ ತಡಕಾಡಿದ. ‘ಇಂಗ್ಲೀಸ್ ಗ್ಯಾನದಲ್ಲಿ ಚೀಲವ ಬಸ್ಸಲ್ಲೇ ಬುಟ್ಬುಟ್ಟೆ ಕಣವ್ವ.’

ಹಣೆ ಚಚ್ಚಿಕೊಂಡು, ದೇವರ ಮುಂದೆ ಇಟ್ಟಿದ್ದ ನನ್ನ ಎಲೆ ಅಡಿಕೆಯನ್ನೇ ತಂದು ಅವನ ಕೈಗಿಟ್ಟೆ. ಅವನು ಎದ್ದು ನಿಂತು, ಎರಡೂ ಕೈಯಲ್ಲಿ ಅದನ್ನು ನನಗೇ ತಿರುಗಿ ಕೊಟ್ಟ. ‘ಬಂದು ನಿಂತು ಮದ್ವೆ ಮಾಡ್ಕೊಡು, ತಾಯಿ.’ ಹೋದೆ. ಹಸೆಗೆ ಕೂರಿಸಿದ್ದೂ ನಾನೇ.

ಇದನ್ನು ನಿಮಗೆ ಹೇಳುತ್ತಿರುವಾಗಲೇ ಗೇಟಿನ ಬಳಿ ಗಾಡಿ ನಿಂತಿತು. ಹಾಲಿನವನು. ಖಾಲಿ ಕ್ಯಾನು, ಕಾಲಿಗೆ ಬಟ್ಟೆಯ ಪಟ್ಟಿ.

‘ಎಮ್ಮೆ ಒದ್ಬುಡ್ತು ಮಿಸ್. ಒಸಿ ನೀರು ಕೊಡ್ತೀರಾ?’

ಕೊಟ್ಟೆ. ಬೆಲ್ಲ ಮಾತ್ರ ಕೊಡಲಿಲ್ಲ. ನನಗಿನ್ನೂ ಕಾಫಿ ಆಗಿರಲಿಲ್ಲ.