ಅಣ್ಣನಿಗೆ ತಂದ ಮಡಚು ಚಾಕು

ನಮ್ಮಣ್ಣ ಬಾಗಲವಾಡದ ಸುತ್ತ ಕುರಿ ಕಾಯುತ್ತಾನೆ. ನಾನು ರಾಯಚೂರಿನಲ್ಲಿ ಶಾಲಾ ಶಿಕ್ಷಕಿ. ಮನೆಯಲ್ಲಿ ಓದಿದವಳು ನಾನೊಬ್ಬಳೇ, ಹಾಗಾಗಿ ಎಲ್ಲದರಲ್ಲೂ ಮೂಗು ತೂರಿಸುವ ಚಟ. ಅಣ್ಣನ ಹತ್ತಿರ ದೇವದುರ್ಗದ ಕಮ್ಮಾರನೊಬ್ಬ ಮಾಡಿಕೊಟ್ಟ ಚಾಕು ಇತ್ತು. ಅದು ಮಡಚುವಂಥದ್ದಲ್ಲ. ಬಟ್ಟೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಸ್ಸು ಹತ್ತಿ ನನ್ನ ಮನೆಗೆ ಬರುತ್ತಿದ್ದ. ಓಣಿಯವರು ನೋಡಿದರೆ ನನಗೆ ನಾಚಿಕೆ.

"ಕಿಸೆದಾಗ ಇಡೂವಂಥಾದ್ದು ತಂದುಕೊಡ್ತೀನಿ ತಡಿ" ಎಂದೆ.

ಅಂಗಡಿಯವನು ಮಡಚು ಚಾಕು ಬಿಚ್ಚಿ ತೋರಿಸಿದ. ಖಟ್ ಎಂದು ಲಾಕ್ ಬಿತ್ತು. ನಾನು ಅಲಗಿನ ತುದಿ ಹಿಡಿದು ಆಡಿಸಿದೆ. ಬುಡದಲ್ಲಿ ಸ್ವಲ್ಪ ಅತ್ತಿತ್ತ ಅಲ್ಲಾಡಿತು.

"ಇದು ಅಲ್ಲಾಡ್ತದಲ್ರೀ?"

"ಅಲ್ಲಾಡೂದು ಬ್ಯಾರೆ, ಲಾಕ್ ಬ್ಯಾರೆ ಮೇಡಂ. ಏನೂ ಆಗಂಗಿಲ್ಲ, ಒಯ್ರಿ."

ಮನೆಗೆ ತಂದು ಎರಡು ದಿನ ಅದರಲ್ಲೇ ಉಳ್ಳಾಗಡ್ಡಿ ಹೆಚ್ಚಿದೆ. ಏನೂ ಆಗಲಿಲ್ಲ. ಇಷ್ಟೇ ನನ್ನ ಪರೀಕ್ಷೆ. ಅಣ್ಣ ಬಂದಾಗ ಕೊಟ್ಟೆ. ಅವನು ಎರಡು ಸಲ ಬಿಚ್ಚಿ ಮಡಚಿ, ನಕ್ಕು, ಕಿಸೆಗೆ ಹಾಕಿಕೊಂಡ.

ಕುರುಬರ ಕೈಯಲ್ಲಿ ಚಾಕು ಉಳ್ಳಾಗಡ್ಡಿ ಹೆಚ್ಚುವುದಿಲ್ಲ. ಮಳೆಗಾಲದಲ್ಲಿ ಕುರಿಯ ಗೊರಸಿನ ಸಂದಿಗೆ ಕೆಸರು, ಹರಳು ಸಿಕ್ಕಿ ಅದು ಕುಂಟುತ್ತದೆ. ಅದನ್ನು ಕುಂಡಿಯ ಮೇಲೆ ಕೂರಿಸಿ, ತೊಡೆಗಳ ನಡುವೆ ಅದುಮಿ, ಚಾಕುವಿನ ತುದಿಯಿಂದ ಹರಳನ್ನು ಮೀಟಿ ತೆಗೆಯಬೇಕು. ಹೆಚ್ಚುವಾಗ ಬೀಳುವ ಭಾರ ಅಲಗನ್ನು ತೆರೆದೇ ಇಡುತ್ತದೆ. ಮೀಟುವಾಗ ಭಾರ ಅಲಗಿನ ಬೆನ್ನಿಗೆ ಬಿದ್ದು ಅದನ್ನು ಮಡಚಲು ನೋಡುತ್ತದೆ. ಆಗ ತಡೆಯುವುದು ಲಾಕ್ ಒಂದೇ. ಕುರುಬರ ಮಗಳಾಗಿ ನನಗೆ ಇದು ಹೊಳೆಯಲೇ ಇಲ್ಲ. ಒಂದು ದಿನ ಹಾಗೆ ಹರಳು ಮೀಟುವಾಗ ಲಾಕ್ ಜಾರಿತು, ಅಲಗು ಅಣ್ಣನ ಬೆರಳುಗಳ ಮೇಲೆಯೇ ಮಡಚಿಕೊಂಡಿತು.

ರಾಯಚೂರಿನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಗಾಯ ಮಾಯಿತು, ಆದರೆ ಬಲಗೈಯ ಎರಡು ಬೆರಳು ಬಗ್ಗುವುದನ್ನು ಬಿಟ್ಟವು. ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಗೆ ಆ ಬೆರಳುಗಳೇ ಬೇಕು. ನಮ್ಮಲ್ಲಿ ಒಬ್ಬರ ಹಿಂಡಿನ ಉಣ್ಣೆಯನ್ನು ಹತ್ತು ಜನ ಸೇರಿ ಕತ್ತರಿಸುತ್ತಾರೆ; ಕವಿತಾಳದ ಕಡೆಯವರೂ ಮೊದಲು ಕರೆಯುತ್ತಿದ್ದದ್ದು ಅಣ್ಣನನ್ನೇ. ಈ ಸಲ ಅವನು ಬೇರೆಯವರು ಕತ್ತರಿಸುವಾಗ ಕುರಿಯ ಕಾಲು ಹಿಡಿದುಕೊಂಡು ಕೂತ. ನಾನೂ ಅಲ್ಲಿದ್ದೆ. ನೋಡಲಾಗಲಿಲ್ಲ.

"ಕೈ ಹೆಂಗಾತೋ?" ಎಂದು ಹಿರಿಯರೊಬ್ಬರು ಕೇಳಿದರು.

"ಕುರಿ ಒದೀತ್ರೀ ಯಪ್ಪಾ" ಎಂದ ಅಣ್ಣ.

ವಾಪಸ್ಸು ಬರುವಾಗ ದಾರಿಯಲ್ಲಿ ತಡೆಯಲಾಗದೆ ಹೇಳಿಬಿಟ್ಟೆ. "ಅಣ್ಣಾ, ಅದು ಅಲ್ಲಾಡೂದು ಅಂಗಡ್ಯಾಗ ನಂಗ ಗೊತ್ತಾಗಿತ್ತು."

"ನಂಗೂ ಅವತ್ತ ಗೊತ್ತಾತು ಬೇ. ನೀ ಅಷ್ಟು ಖುಷಿಲೆ ತಂದಿದ್ದಿ. ಬ್ಯಾಡ ಅಂತ ಹೆಂಗ ಅನ್ಲಿ?"

ಮೈಯೆಲ್ಲ ಉರಿದುಹೋಯಿತು. "ನನ್ನ ಮಾರಿಗೆ ಒಗೀಬೇಕಿತ್ತು! ನನ್ನ ಖುಷಿ ತಗೊಂಡು ಏನ್ ಮಾಡ್ತಿ?" ಎಂದು ನಡುರಸ್ತೆಯಲ್ಲಿ ಕೂಗಾಡಿ ಅತ್ತುಬಿಟ್ಟೆ. ಅಷ್ಟು ಮರ್ಯಾದೆ ಕೊಡು ಎಂದು ನಾನೇನು ಕೇಳಿದ್ದೆನೇ? ಇವತ್ತಿಗೂ ಆ ಸಿಟ್ಟು ಇಳಿದಿಲ್ಲ, ಅವನ ಮೇಲೂ, ನನ್ನ ಮೇಲೂ.

ಅಣ್ಣ ನನ್ನ ಕಣ್ಣೊರೆಸಲು ಕೈ ಎತ್ತಿದ. ಬಗ್ಗದ ಆ ಎರಡು ಬೆರಳು ಕೆನ್ನೆಗೆ ಒರಟಾಗಿ ತಾಗಿದವು. ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಎಡಗೈಯಿಂದ ಒರೆಸಿದ.