ಪರಾತದೊಳಗಿನ ಸಮುದ್ರ

ಜೋಳದ ಹಿಟ್ಟಿಗೆ ಕುದಿನೀರು ಹೊಯ್ದಾಗ ಏಳುವ ಹಬೆಯ ವಾಸನೆ ನಿಮಗೂ ಗೊತ್ತಿರಬೇಕು. ನಾಳೆ ಮಂಗಳೂರಿಗೆ ಹೊರಟಿದ್ದೇವೆ. ದಾರಿಗೆಂದು ರೊಟ್ಟಿ ಬಡಿಯಲು ಕುಳಿತರೆ ಆ ಹಬೆ ಮುಖಕ್ಕೆ ಬಡಿದು ನಮ್ಮತ್ತೆ ನೆನಪಾದರು.

ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೋಗಿದ್ದವು. ಆಸೆ ಒಂದೇ ಉಳಿದಿತ್ತು: ಸಮುದ್ರವನ್ನು ಒಮ್ಮೆ ಕೈಯಿಂದ ಮುಟ್ಟಬೇಕು. ಕಮಲಾಪುರದಲ್ಲಿ ಹುಟ್ಟಿ ಕಲಬುರಗಿಗೆ ಸೊಸೆಯಾಗಿ ಬಂದವರು. ಕಂಡ ದೊಡ್ಡ ನೀರೆಂದರೆ ಊರೊಳಗಿನ ಅಪ್ಪನ ಕೆರೆ. ಡಾಕ್ಟರು ದೂರದ ಪ್ರಯಾಣ ಬೇಡವೆಂದಿದ್ದರು. ದೇವರಲ್ಲಿ ಮಳೆ ಕೇಳಿ ಗೊತ್ತು, ಸಮುದ್ರ ಕೇಳುವುದು ಹೇಗೆಂದು ತಿಳಿಯದೆ ನಾನು ದೀಪ ಹಚ್ಚಿ ಸುಮ್ಮನೆ ಕೂರುತ್ತಿದ್ದೆ.

ದೇವರು ಜುಲೇಖಾಳನ್ನು ಕಳಿಸಿದ. ಮಂಗಳೂರಿನಿಂದ ಕೋಟೆ ಹತ್ತಿರದ ನಮ್ಮ ಓಣಿಗೆ ಸೊಸೆಯಾಗಿ ಬಂದ ಪಕ್ಕದ ಮನೆಯಾಕೆ. ಒಂದು ಮಧ್ಯಾಹ್ನ ನಾನು ನಾದಿಟ್ಟ ಹಿಟ್ಟಿನ ಪರಾತವನ್ನೇ, ಆ ಅಗಲ ತಟ್ಟೆಯನ್ನೇ, ಎತ್ತಿ ಅತ್ತೆಯ ಮುಂದಿಟ್ಟಳು.

"ಅಮ್ಮಾ, ಕೈ ಕೊಡ್ರಿ. ಇದು ನಮ್ಮೂರ ಗುಡ್ಡ. ಮಣ್ಣು ಕೆಂಪು."

"ನಮ್ಮ ಕಮಲಾಪುರದ ಕೆಂಪ ಬಾಳಿಹಣ್ಣಿನಂಗೇನು?"

"ಹಂಗೇ ರೀ. ಈ ಕಡಿಂದ ನೇತ್ರಾವತಿ ಬರ್ತಾಳ, ಆ ಕಡಿಂದ ಫಲ್ಗುಣಿ."

ಹಿಟ್ಟಿನಲ್ಲಿ ಬೆರಳಿನಿಂದ ಎರಡು ಗೆರೆ ಎಳೆದಳು. ಅವು ಕೂಡುವಲ್ಲಿ ನೀರು ಸುರಿದು, ಹಿಡಿ ಉಪ್ಪು ಹಾಕಿ, ಅತ್ತೆಯ ಕೈಯನ್ನು ಅದರಲ್ಲಿ ಅದ್ದಿದಳು.

"ಇದು ಸಮುದ್ರ. ಮೆಣಸು ಒಯ್ಯಾಕ ಅರಬರ ಹಡಗ ಇಲ್ಲೇ ಬರ್ತಿದ್ವು."

"ಮತ್ತ ಮಂದಿ?"

"ತುಳು ಆಡೋರು, ಕೊಂಕಣಿ ಆಡೋರು, ನಮ್ಮ ಬ್ಯಾರಿ ಮಂದಿ. ಗುಡಿ, ಮಸೂತಿ, ಚರ್ಚು ಎಲ್ಲಾ ಅದಾವ."

"ಅಂದ್ರ ನಮ್ಮ ಜಗತ್ ಸರ್ಕಲ್‌ನಂಗ ಗದ್ದಲ ಅನ್ನು!" ಅತ್ತೆ ಬೆರಳು ನೆಕ್ಕಿ ಮುಖ ಕಿವಿಚಿದರು. "ನಿಮ್ಮೂರು ಭಾಳ ಉಪ್ಪ ಅದ ಬಿಡವಾ."

ಹಿಟ್ಟು ಕೆಟ್ಟಿತೆಂದು ನಾನು ಗೊಣಗಿದೆ. ನೋಡಿ, ಕಣ್ಣೆದುರು ಸಮುದ್ರ ಬಂದು ಕುಳಿತಾಗ ನನಗೆ ಕಂಡದ್ದು ಹಿಟ್ಟು!

"ಅನ್ನ ಚೆಲ್ತೀ ಏನು? ಹಂಗೇ ಬಡಿ," ಎಂದರು ಅತ್ತೆ.

ಆ ಉಪ್ಪುಪ್ಪು ರೊಟ್ಟಿಯನ್ನು ಮೂವರೂ ತಿಂದೆವು. ಆಮೇಲೆ ಯಾರೇ ಬರಲಿ, ಅತ್ತೆ "ನಾ ಸಮುದ್ರ ಮುಟ್ಟೀನಿ" ಎನ್ನುತ್ತಿದ್ದರು. ಯಾರೂ ಅಲ್ಲಗಳೆಯಲಿಲ್ಲ. ಮುಂದಿನ ಬೇಸಿಗೆಗೆ ಅವರಿರಲಿಲ್ಲ. ಆದರೆ ಆಸೆ ಉಳಿಸಿಕೊಂಡು ಹೋಗಲಿಲ್ಲ. ಇಂಥ ಸಣ್ಣ ಕೃಪೆಗಳಿಗೇ ನಾನು ದಿನಾ ಕೈ ಮುಗಿಯುವುದು.

ಇವತ್ತು ರೊಟ್ಟಿ ಬೇಯಿಸುತ್ತ ಜುಲೇಖಾ ಒಲೆಯ ಮುಂದಿದ್ದಳು. ನಾಳೆ ಅವಳ ತವರೂರಿಗೆ ನಮಗೆ ಅವಳೇ ದಾರಿ ತೋರುವವಳು.

"ಅತ್ತಿ ಹೆಸರಲೆ ಒಂದು ರೊಟ್ಟಿ ಸಮುದ್ರಕ್ಕ ಬಿಡೋಣೇನು?" ಎಂದೆ.

"ಬ್ಯಾಡ ಅಕ್ಕಾ. ಅನ್ನ ನೀರಿಗಿ ಚೆಲ್ಲೀರಿ ಅಂತ ಮ್ಯಾಲಿಂದ ಬೈತಾರ. ದಂಡಿ ಮ್ಯಾಲ ಕುಂತು ನಾವೇ ತಿನ್ನೋಣು."

ನಾನು ಉಪ್ಪಿನ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡು ಹಿಟ್ಟಿಗೆ ಒಂದು ಹಿಡಿ ಸುರಿದೆ.