ಮುಂದಿನ ಮೆಷಿನಿನ ಅಂಕಲ್

ಆಂಟಿಯ ಚಿನ್ನದ ಅವಲಕ್ಕಿ ಸರವನ್ನು ಗಣಪತಿಯ ಕೊರಳಲ್ಲೇ ಬಿಟ್ಟು ಸಮುದ್ರಕ್ಕೆ ಇಳಿಸಿದವನು ನಾನೇ. ಬಚ್ಚಿಡೋಣವೆಂದರೆ ಸಿಡ್ನಿಯ ಬ್ಲ್ಯಾಕ್‌ಟೌನಿನ ಅರ್ಧ ಕನ್ನಡದವರು, ಮುಕ್ಕಾಲು ತುಳುವಿನವರು ದಡದಲ್ಲಿ ನಿಂತು ನೋಡಿದ್ದಾರೆ. ಒಬ್ಬರು ವಿಡಿಯೋ ಕೂಡ ಮಾಡಿದ್ದಾರೆ. ಅದರಲ್ಲಿ ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು, ಮಣ್ಣಿನ ಗಣಪತಿಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಬೀಸುತ್ತಾ ಬಾಯಲ್ಲಿ ‘ಟೀಂ... ಟೀಂ...’ ಎನ್ನುತ್ತಿದ್ದೇನೆ. ನನ್ನ ಹಿಂದೆ ಪಂಚೆ ಎತ್ತಿ ಕಟ್ಟಿಕೊಂಡು ನಗುತ್ತಾ ನಿಂತಿರುವವರೇ ಅಂಕಲ್. ಬಿಸಿಲಿಗೆ ಸುಟ್ಟು ತಾಮ್ರದ ಚೊಂಬಿನಂತಾದ ಮುಖ, ಕಿವಿಗಳ ಸುತ್ತ ಮಾತ್ರ ಹೆಡ್‌ಫೋನ್ ಕೂತು ಕೂತು ಉಳಿದ ಎರಡು ಬಿಳಿ ವೃತ್ತ. ಬಲಗೈ ಎಡಗೈಗಿಂತ ದಪ್ಪ. ವರ್ಷಗಟ್ಟಲೆ ಮೆಟಲ್ ಡಿಟೆಕ್ಟರ್ ಬೀಸಿದ ಕೈ ಅದು. ನಾನು ಅಣಕಿಸುತ್ತಿದ್ದುದು ಅದನ್ನೇ.

ನನಗೆ ಬೇರೇನೂ ಬರುತ್ತಿರಲಿಲ್ಲ. ಅಕೌಂಟಿಂಗ್ ಓದಲು ಸಿಡ್ನಿಗೆ ಬಂದು, ಸಂಜೆ ಪೆಟ್ರೋಲ್ ಬಂಕಿನಲ್ಲಿ ನಿಂತು, ಪಿಆರ್ ಎಂಬ ಕಾಯಂ ವಾಸದ ದೇವರಿಗೆ ಹರಕೆ ಹೊತ್ತವನು. ಲೆಕ್ಕದಲ್ಲಿ ಫೇಲು, ಮಿಮಿಕ್ರಿಯಲ್ಲಿ ರ‍್ಯಾಂಕು. ಅಂಕಲ್ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದೆ. ಅವರು ಉಡುಪಿ ಕಡೆಯವರು, ರೈಲ್ವೆ ಸಿಗ್ನಲ್ ರಿಪೇರಿಯ ಕೆಲಸ. ಭಾನುವಾರ ಬಂತೆಂದರೆ ನಮ್ಮವರೆಲ್ಲ ಸ್ಕೋಫೀಲ್ಡ್ಸ್ ಕಡೆ ಹೊಸ ಸೈಟು ನೋಡಲು ಹೋದರೆ, ಅಂಕಲ್ ಅದೇ ಸೈಟಿಗೆ ಓನರಿನ ಪರ್ಮಿಷನ್ ಕೇಳಿಕೊಂಡು ಹಳೇ ಕುದುರೆಯ ಲಾಳ ಹುಡುಕಲು ಹೋಗುತ್ತಿದ್ದರು. ‘ನೀವು ಮೇಲೆ ಮನೆ ಕಟ್ಟುವ ಮೊದಲು ಕೆಳಗೆ ಎಂತ ಉಂಟು ಅಂತ ನೋಡುದು ಬೇಡವಾ?’ ಎಂದು ಕೇಳುವರು.

ನನ್ನ ಅಣಕ ಅವರಿಗೆ ಎಂದೂ ಸಿಟ್ಟು ತರಿಸಲಿಲ್ಲ. ತಿದ್ದುತ್ತಿದ್ದರು. ‘ನಾನು ಸೊಂಟ ಬಗ್ಗಿಸುದಿಲ್ಲ ಮಾರಾಯ, ಮೊಣಕಾಲು ಮಡಿಸುದು. ಇನ್ನೊಂದು ಸಲ ಮಾಡು ನೋಡುವ.’ ನಾನು ಇನ್ನೊಂದು ಸಲ ಮಾಡುತ್ತಿದ್ದೆ. ತನ್ನನ್ನೇ ಅಣಕಿಸುವವನಿಗೆ ರಿಹರ್ಸಲ್ ಮಾಡಿಸಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಸರದ ವಿಷಯ ಹೀಗೆ. ಆಂಟಿ ಪ್ರತಿ ಚೌತಿಗೆ ತನ್ನ ಅಮ್ಮನ ಅವಲಕ್ಕಿ ಸರವನ್ನು ಕೊರಳಿನಿಂದ ತೆಗೆದು ಗಣಪತಿಗೆ ಹಾಕುವರು. ವಿಸರ್ಜನೆಗೆ ಮುಂಚೆ ಮಂಗಳಾರತಿ ಮಾಡಿ ತೆಗೆದು ಮತ್ತೆ ತಾವೇ ಹಾಕಿಕೊಳ್ಳುವರು. ವರ್ಷವಿಡೀ ಅವರ ಕೊರಳಲ್ಲಿರುವುದು ದೇವರ ಕೊರಳ ಸರ. ಅಮ್ಮ ಹೋದ ಮೇಲೆ ಅಮ್ಮನದು ಅಂತ ಅವರ ಬಳಿ ಉಳಿದದ್ದು ಅದೊಂದೇ. ಆ ವರ್ಷ ಕೊಲ್ಲಿಯ ದಡದಲ್ಲಿ ಮಂಗಳಾರತಿ ಆಯಿತು. ಆಂಟಿ ಸರಕ್ಕೆ ಕೈ ಹಾಕುವ ಮೊದಲೇ ನಾನು ಗಣಪತಿಯನ್ನು ಎತ್ತಿಕೊಂಡು ನೀರಿಗಿಳಿದು ‘ಟೀಂ’ ಎಂದೆ. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಆಂಟಿ. ಮೂರು ಸಲ ಮುಳುಗಿಸಿ ಎತ್ತಿ, ಕೊನೆಗೆ ಬಿಟ್ಟೆ. ನಗುತ್ತಿದ್ದ ಆಂಟಿಯ ಕೈ ಕೊರಳಿಗೆ ಹೋಯಿತು. ನಗು ಅಲ್ಲೇ ನಿಂತಿತು.

ನಾನು ಮುಳುಗಿ ತಡಕಿದೆ. ಸಿಕ್ಕಿದ್ದು ಕರಗುತ್ತಿದ್ದ ಮಣ್ಣು ಮತ್ತು ಒಂದು ಗರಿಕೆ ಎಸಳು.

ಬೈಗಳಕ್ಕೆ ತಲೆ ಒಡ್ಡಿ ನಿಂತೆ. ಅಂಕಲ್ ಬೈಯಲಿಲ್ಲ. ಅವರ ಕಣ್ಣು ಹೊಳೆಯಿತು. ‘ಅಲ್ಲೇ ನಿಲ್ಲು ಮಾರಾಯ! ಕಾಲು ಎತ್ತಬೇಡ, ನೀನೇ ಗುರುತು!’ ಎಂದು ಕೂಗಿ ಮೆಷಿನ್ ತರಲು ಪಂಚೆಯಲ್ಲೇ ಕಾರಿನತ್ತ ಓಡಿದರು. ಇಷ್ಟು ವರ್ಷ ಎಲ್ಲರೂ ಗೇಲಿ ಮಾಡಿದ ಹವ್ಯಾಸಕ್ಕೆ ಕೊನೆಗೂ ಒಂದು ಕೆಲಸ ಬಂದಿತ್ತು. ನಾನು ನೆಟ್ಟ ಗೂಟದ ಹಾಗೆ ನಿಂತೇ ಇದ್ದೆ. ನೀರು ಏರಿ ಸೊಂಟಕ್ಕೆ ಬಂತು. ಮೆಷಿನ್ ಮಾತ್ರ ಒಂದೇ ಸಮನೆ ಬಡಬಡಿಸಿತು. ಮೇಲೆ ನಿಂತ ಉಪ್ಪು ನೀರೇ ಅದಕ್ಕೆ ಲೋಹದಂತೆ ಕೇಳಿಸುತ್ತದಂತೆ. ‘ಉಪ್ಪು ನೀರು ಕಂಡರೆ ಇದಕ್ಕೆ ಪಿತ್ತ ಕೆದರ್ತದೆ. ಮುಂದಿನ ಮೆಷಿನ್ ಬರಲಿ, ನೋಡುವಿಯಂತೆ’ ಎಂದರು ಅಂಕಲ್.

‘ಮುಂದಿನ ಮೆಷಿನ್’ ಅವರ ಮಂತ್ರ. ಅದರ ಬಗ್ಗೆ ಅವರು ಮಾತಾಡಿದ್ದನ್ನು ಕೇಳಿದರೆ ಯಾರೋ ಮಗಳಿಗೆ ಬಂದ ಸಂಬಂಧದ ಹುಡುಗನನ್ನು ಹೊಗಳುತ್ತಿದ್ದಾರೆ ಅನ್ನಿಸಬೇಕು. ಅದು ಉಪ್ಪು ನೀರಿಗೆ ಹೆದರುವುದಿಲ್ಲ. ಒಂದೇ ಸಲ ಹಲವು ಸ್ವರದಲ್ಲಿ ನೆಲವನ್ನು ಮಾತಾಡಿಸುತ್ತದೆ. ಎಲ್ಲಿ ಅಗೆದೆವು ಎಂಬುದನ್ನು ಉಪಗ್ರಹವನ್ನು ಕೇಳಿ ನೆನಪಿಟ್ಟುಕೊಳ್ಳುತ್ತದೆ. ಕಂಪ್ಯೂಟರಿಗೆ ಜೋಡಿಸಿದರೆ ಹೊಸ ಬುದ್ಧಿ ತುಂಬಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಗೆಯುವ ಮೊದಲೇ ಕೆಳಗಿರುವುದು ಚಿನ್ನವೋ ರಿಂಗ್‌ಪುಲ್ಲೋ ಹೇಳಿಬಿಡುತ್ತದೆ. ರಿಂಗ್‌ಪುಲ್ ಅಂದರೆ ತಂಪು ಪಾನೀಯದ ಕ್ಯಾನ್ ತೆಗೆಯುವಾಗ ಕಿತ್ತು ಬರುವ ಅಲ್ಯೂಮಿನಿಯಂ ಉಂಗುರ. ಆಸ್ಟ್ರೇಲಿಯಾದ ಮರಳಿನ ತುಂಬ ಅದೇ. ತೆಳು ಚಿನ್ನಕ್ಕೂ ಅದಕ್ಕೂ ಮೆಷಿನಿನ ಪರದೆಯಲ್ಲಿ ಒಂದೇ ನಂಬರು ಬರುತ್ತದೆ. ಬೇಡವೆಂದು ಬಿಟ್ಟರೆ ಚಿನ್ನವನ್ನೂ ಬಿಟ್ಟಂತೆ. ಹಾಗಾಗಿ ಅಂಕಲ್ ಎಲ್ಲವನ್ನೂ ಅಗೆಯುತ್ತಿದ್ದರು. ಮನೆಯ ಗ್ಯಾರೇಜಿನಲ್ಲಿ ಡಬ್ಬಿಗಟ್ಟಲೆ ರಿಂಗ್‌ಪುಲ್ ಇತ್ತು.

‘ಇದನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀರಿ ಅಂಕಲ್?’

‘ಹೊಸ ಮೆಷಿನಿಗೆ ಪಾಠ ಹೇಳಲಿಕ್ಕೆ ಬೇಕಲ್ಲ ಮಾರಾಯ. ಯಾವುದು ಚಿನ್ನ ಅಲ್ಲ ಅಂತ.’

ಆ ಹೊಸ ಮೆಷಿನ್ ಮೆಲ್ಬರ್ನಿನಲ್ಲಿ ಪ್ರದರ್ಶನಕ್ಕೆ ಬರುತ್ತದೆಂದು ಗೊತ್ತಾದಾಗ ಅಂಕಲ್ ರಜೆ ಹಾಕಿದರು. ನಾನು ಡ್ರೈವರು. ಹಿಂದಿನ ಸೀಟಿನಲ್ಲಿ ಆಂಟಿ. ಅವರನ್ನು ಕರೆದುಕೊಂಡು ಹೋಗಿದ್ದು ಊರು ತೋರಿಸಲು ಅಲ್ಲ. ಅವರ ಕೊರಳಲ್ಲಿದ್ದ ಇನ್ನೊಂದು ತೆಳು ಸರ ಪರೀಕ್ಷೆಗೆ ಬೇಕಾಗಿತ್ತು. ‘ನನ್ನ ಕೊರಳು ನೋಡಿ ಇವರು ಇಷ್ಟು ಸಂತೋಷಪಟ್ಟದ್ದು ಮದುವೆಯ ದಿನವೂ ಇಲ್ಲ’ ಎಂದರು ಆಂಟಿ. ದಾರಿಯುದ್ದಕ್ಕೂ ನಾನು ಮೆಷಿನಿನ ದನಿಯಲ್ಲಿ ಕನ್ನಡ ಮಾತಾಡಿದೆ: ‘ಮುಂದೆ ಬಲಕ್ಕೆ ಚಕ್ಕುಲಿ ಇದೆ, ಅಗೆಯಿರಿ.’ ಆಂಟಿ ಡಬ್ಬಿಯಿಂದ ಚಕ್ಕುಲಿ ತೆಗೆದು ಕೊಡುತ್ತಿದ್ದರು.

ಪ್ರದರ್ಶನದ ಸಭಾಂಗಣದಲ್ಲಿ ಮರಳು ತುಂಬಿದ ದೊಡ್ಡ ಮರದ ತೊಟ್ಟಿ ಇಟ್ಟಿದ್ದರು. ಟೈ ಕಟ್ಟಿದ ಮಾರಾಟದ ಹುಡುಗ ಪರದೆ ತೋರಿಸಿ ಪಟಪಟ ಮಾತಾಡಿದ. ಅಂಕಲ್ ಎಲ್ಲ ಕೇಳಿ, ವಿನಯದಿಂದ ಅವನನ್ನು ಆ ಕಡೆ ತಿರುಗಿ ನಿಲ್ಲಲು ಹೇಳಿ, ಜೇಬಿನಿಂದ ಒಂದು ಹಿಡಿ ರಿಂಗ್‌ಪುಲ್ ತೆಗೆದು ಮರಳಲ್ಲಿ ಹೂತರು. ನಡುವೆ ಎಲ್ಲೋ ಆಂಟಿಯ ಸರವನ್ನೂ ಹೂತರು. ‘ಈಗ ಹೇಳು, ಚಿನ್ನ ಯಾವುದು?’

ಹುಡುಗ ಬೀಸಿದ. ಪ್ರತಿ ರಿಂಗ್‌ಪುಲ್ಲಿಗೂ ಮೆಷಿನ್ ಸಂಭ್ರಮದಿಂದ ಕೂಗಿತು. ಸರಕ್ಕೆ ಮಾತ್ರ ಬಾಯೇ ಬಿಡಲಿಲ್ಲ. ತೆಳು ಸರ ಅಂದರೆ ಮೆಷಿನಿನ ಪಾಲಿಗೆ ಸಾವಿರ ಸಣ್ಣ ಚೂರು, ಒಂದು ವಸ್ತುವೇ ಅಲ್ಲ ಎಂದು ಆಮೇಲೆ ಅಂಕಲ್ ವಿವರಿಸಿದರು. ಆ ಹೊತ್ತಿಗೆ ವಿವರಣೆ ಯಾರಿಗೂ ಬೇಕಿರಲಿಲ್ಲ. ಹೂತವರಿಗೇ ಎಲ್ಲಿ ಹೂತೆನೆಂದು ಮರೆತುಹೋಗಿತ್ತು! ಹುಡುಗ ಟೈಯನ್ನು ಭುಜಕ್ಕೆ ಎಸೆದುಕೊಂಡು ತೊಟ್ಟಿಗಿಳಿದ. ನಾನು ಇಳಿದೆ. ಅಂಕಲ್ ಮೊಣಕಾಲು ಮಡಿಸಿದರು. ನಮ್ಮನ್ನೆಲ್ಲ ಪಕ್ಕಕ್ಕೆ ಸರಿಸಿ ಆಂಟಿ ಬಂದು ಕೂತರು. ಅಕ್ಕಿ ಆರಿಸುವ ಹಾಗೆ ಮರಳನ್ನು ಬೆರಳಲ್ಲಿ ಹರಡಿ, ಬಳಿದು, ಹರಡಿ, ಸರವನ್ನು ಎತ್ತಿ ಸೆರಗಿನಲ್ಲಿ ಒರೆಸಿ ಹಾಕಿಕೊಂಡರು.

‘ನೆಕ್ಸ್ಟ್ ಮಾಡೆಲ್, ಮೇಟ್’ ಎಂದ ಹುಡುಗ, ಕೆಂಪಾಗಿ.

ಅಂಕಲ್ ಸೋತ ಮುಖ ಹಾಕುತ್ತಾರೆಂದುಕೊಂಡರೆ ನನ್ನ ಬೆನ್ನಿಗೆ ಬಾರಿಸಿ, ‘ಕೇಳಿದಿಯಾ? ಕಂಪನಿಯವನೇ ಹೇಳಿದ! ಮುಂದಿನದ್ದು!’ ಎಂದರು.

ಆದರೆ ವಾಪಸಾದ ಮೇಲೆ ಒಂದು ಬದಲಾವಣೆ ಆಯಿತು. ಭಾನುವಾರ ನೀರು ಇಳಿಯುವ ಹೊತ್ತಿಗೆ ಕೊಲ್ಲಿಗೆ ಹೊರಟರೆ ಆಂಟಿಯೂ ಕಾರಿನಲ್ಲಿರುತ್ತಿದ್ದರು, ಮಡಿಲಲ್ಲಿ ರವೆ ಜರಡಿ ಇಟ್ಟುಕೊಂಡು. ಅಂಕಲ್ ಬೀಸುವುದು, ನಾನು ಅಗೆಯುವುದು, ಆಂಟಿ ಜರಡಿ ಹಿಡಿಯುವುದು. ತುಳುವಿನಲ್ಲಿ ಇಬ್ಬರೂ ಅದೇನೋ ಜಗಳವಾಡುತ್ತಿದ್ದರು. ನನಗೆ ಅರ್ಥವಾಗದಿದ್ದರೂ ಇಬ್ಬರ ದನಿಯಲ್ಲೂ ಮುಂದುವರಿಸಬಲ್ಲವನಾಗಿದ್ದೆ. ಮೀನುಗಾರರ ಸೀಸದ ಗುಂಡು ಸಿಕ್ಕಿತು, ಯಾರದೋ ಬೀಗದ ಕೈ ಸಿಕ್ಕಿತು. ಸರ ಸಿಗಲಿಲ್ಲ. ಆಂಟಿ ನನ್ನನ್ನು ಒಂದು ದಿನವೂ ದೂರಲಿಲ್ಲ. ಮಾತಿನ ನಡುವೆ ಅವರ ಕೈ ಮಾತ್ರ ಕೊರಳ ಹತ್ತಿರ ಹೋಗಿ, ಅಮ್ಮನ ಸರ ಇಲ್ಲವೆಂದು ನೆನಪಾಗಿ, ಸೆರಗು ಸರಿಮಾಡಿ ಇಳಿಯುತ್ತಿತ್ತು. ಆ ಕೈಯನ್ನು ನಾನು ಯಾವತ್ತೂ ಅಣಕಿಸಿಲ್ಲ.

ಆಮೇಲೆ ಅಂಕಲ್‌ಗೆ ಸ್ಟ್ರೋಕ್ ಆಯಿತು. ಹೋದದ್ದು ಬಲಗೈಯೇ, ಆ ದಪ್ಪ ಕೈಯೇ. ಆಸ್ಪತ್ರೆಯಿಂದ ಬಂದವರು ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ಕೂತು ಎಡಗೈಯಲ್ಲೇ ಸೋಲ್ಡರ್ ಮಾಡಿದರು. ಟಿವಿಗೆ ಹಾಕುವ ತಂತಿಯಿಲ್ಲದ ಹೆಡ್‌ಫೋನನ್ನು ಬಿಚ್ಚಿ, ಅದರ ಟ್ರಾನ್ಸ್‌ಮಿಟರನ್ನು ಮೆಷಿನಿನ ಹಿಡಿಗೆ ಕಟ್ಟಿದರು. ‘ನೀನು ಬೀಸು, ನಾನು ಕೇಳ್ತೇನೆ. ಮುಂದೆ ಎಲ್ಲರದ್ದೂ ಹೀಗೇ ಬರ್ತದೆ, ನೋಡು. ವಯರೇ ಇರುದಿಲ್ಲ.’ ಮಾತು ಸ್ವಲ್ಪ ತೊದಲುತ್ತಿತ್ತು. ನನ್ನ ಮಿಮಿಕ್ರಿಯಲ್ಲಿ ಅವರ ದನಿ ಹಳೆಯದೇ ಇತ್ತು. ತೊದಲನ್ನು ನಾನು ಸೇರಿಸಲಿಲ್ಲ. ಅದನ್ನೂ ಅವರು ಗಮನಿಸಿ, ‘ಅಪ್‌ಡೇಟ್ ಮಾಡು ಮಾರಾಯ’ ಎಂದರು.

ಹೀಗೆ ದಡದಲ್ಲಿ ಮಡಚುವ ಕುರ್ಚಿಯ ಮೇಲೆ ಅವರು, ಪಕ್ಕದಲ್ಲಿ ಜರಡಿ ಹಿಡಿದ ಆಂಟಿ, ಒದ್ದೆ ಮರಳಿನಲ್ಲಿ ನಾನು. ಅವರು ಕಣ್ಣು ಮುಚ್ಚಿ ಕೇಳುತ್ತಾ ಎಡಗೈಯಲ್ಲಿ ಸನ್ನೆ ಮಾಡುವರು: ಬಲಕ್ಕೆ, ನಿಧಾನ, ಬಿಡು, ಅಗೆ. ಕೆಲವು ಸದ್ದಿಗೆ ಅಗೆಯಲು ಹೇಳದೆ ‘ಬಿಡು’ ಎನ್ನತೊಡಗಿದ್ದರು. ಎಲ್ಲವನ್ನೂ ಅಗೆಯುತ್ತಿದ್ದ ಮನುಷ್ಯ! ದಣಿದಿದ್ದಾರೆ ಎಂದುಕೊಂಡು ನಾನು ಕದ್ದು ಅಗೆದು ನೋಡುತ್ತಿದ್ದೆ. ಪ್ರತಿ ಸಲ ರಿಂಗ್‌ಪುಲ್ಲೇ ಬರುತ್ತಿತ್ತು.

ಆ ಚಳಿಗಾಲ ಅವರು ಹೋದರು. ಚಿನ್ನವೋ ರಿಂಗ್‌ಪುಲ್ಲೋ ಎಂದು ಅಗೆಯುವ ಮೊದಲೇ ಹೇಳುವ ಮೆಷಿನ್ ಇನ್ನೂ ಬಂದಿಲ್ಲ. ತಂತಿಯಿಲ್ಲದ ಹೆಡ್‌ಫೋನ್ ಮಾತ್ರ ಬರುತ್ತಿದೆಯಂತೆ. ಸರ ಆ ಕೊಲ್ಲಿಯಲ್ಲೇ ಇದೆ. ಭಾನುವಾರ ನಾನೂ ಆಂಟಿಯೂ ಈಗಲೂ ಹೋಗುತ್ತೇವೆ. ಈಗ ನನ್ನ ಬಲಗೈ ದಪ್ಪವಾಗತೊಡಗಿದೆ, ಕಿವಿಯ ಸುತ್ತ ಬಿಳಿ ವೃತ್ತವೂ ಮೂಡಿದೆ. ಅಣಕಿಸುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ಅಂಕಲ್ ಕೊಲ್ಲಿಗೆ ಬಂದ ಕೊನೆಯ ಭಾನುವಾರ ಟ್ರಾನ್ಸ್‌ಮಿಟರಿನ ಬ್ಯಾಟರಿ ಸತ್ತಿತು. ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು, ಮೆಷಿನಿನ ಸ್ಪೀಕರಿನಲ್ಲೇ ಕೇಳುತ್ತೇನೆ ಎಂದರು. ಎಷ್ಟು ಬೀಸಿದರೂ ಏನೂ ಕೂಗಲಿಲ್ಲ. ಕುರ್ಚಿಯಲ್ಲಿ ಅವರು ಕುಗ್ಗಿ ಕೂತಿದ್ದರು. ಆಂಟಿ ಖಾಲಿ ಜರಡಿ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದರು. ಒಂದು ಸಲ, ಒಂದೇ ಒಂದು ಸಲ ಈ ಮುಖ ಅರಳಬೇಕು ಅನ್ನಿಸಿತು. ಆಮೇಲೆ ಏನು ಮಾಡುವುದು, ಅಗೆದು ಏನನ್ನು ತೋರಿಸುವುದು, ಯಾವುದನ್ನೂ ಯೋಚಿಸಲಿಲ್ಲ. ಯೋಚಿಸುವ ಜಾತಿಯವನಾಗಿದ್ದರೆ ಗಣಪತಿಯನ್ನು ಬೀಸುತ್ತಿದ್ದೆನೇ? ಅವರಿಗೆ ಬೆನ್ನು ಹಾಕಿ, ಮೆಷಿನಿನತ್ತ ಬಗ್ಗಿ, ನನಗೆ ಬರುವ ವಿದ್ಯೆಯನ್ನೆಲ್ಲ ಗಂಟಲಿಗೆ ತಂದು ‘ಟೀಂ...’ ಎಂದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಯಾರನ್ನೂ ಅನುಕರಿಸಿಲ್ಲ. ಆಂಟಿ ಎದ್ದೇ ನಿಂತರು.

ಅಂಕಲ್ ಕಣ್ಣು ತೆರೆಯಲಿಲ್ಲ.

‘ಅದು ರಿಂಗ್‌ಪುಲ್ಲಿನ ಸ್ವರ ಮಾರಾಯ’ ಎಂದರು. ‘ಚಿನ್ನದ್ದು ಇನ್ನೂ ಮೆತ್ತಗೆ ಉಂಟು. ಅದು ಬರುವಾಗ ನಾನು ಹೇಳ್ತೇನೆ, ನೀನು ಬಾಯಿ ಮುಚ್ಚಿ ಬೀಸು.’